ಮಾನಿಟರ್ ಬಿಸಿಯಾಗುವ ತನಕ

ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವವರು ನನ್ನನ್ನು ಕಂಡರೆ ಕೇಳುವುದು ಒಂದೇ ಪ್ರಶ್ನೆ: ಆಗಿನ ಮಾನಿಟರ್ ನಿಜವಾಗಿಯೂ ಅಷ್ಟು ಭಾರ ಇತ್ತೇ? ಇತ್ತು. ಈಗ ನೀವು ಒಂದೇ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವ ಪರದೆಗೆ ಬೆನ್ನೇ ಇಲ್ಲ. ನಮ್ಮ ಕಾಲದ್ದಕ್ಕೆ ಗೂನು ಬೆನ್ನು, ದಪ್ಪ ಗಾಜಿನ ಮುಖ. ಭಾರವೆಲ್ಲ ಮುಖದಲ್ಲೇ ಇರುತ್ತಿದ್ದುದರಿಂದ ಗಾಜನ್ನು ಎದೆಗೆ ಒತ್ತಿಕೊಂಡೇ ಎತ್ತಬೇಕು, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ಹಾಗೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದ ಮಾನಿಟರುಗಳು ಎಷ್ಟೋ. ಸೀಟು ಸಿಕ್ಕ ಮೇಲೆ ಅದರ ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದೆ. ಚೆಂಡುಹೂವಿನ ಹೊಲ ಬಂದಾಗ ಆರಿದ ಗಾಜಿನೊಳಗೆ ಆ ಹಳದಿ ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಹರಿಯುತ್ತಿತ್ತು. ಕರೆಂಟಿಲ್ಲದೆ ಮಾನಿಟರ್ ತೋರಿಸಿದ ಚಿತ್ರಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ನಾನು ಸೇನೆಯ ಸಂದೇಶ ವಿಭಾಗದಲ್ಲಿ ವೈರ್‌ಲೆಸ್ ಸೆಟ್ಟುಗಳ ಜೊತೆ ಯೌವನ ಕಳೆದು ಹರದನಹಳ್ಳಿಗೆ ವಾಪಸಾದವನು. ಆಗ ಚಾಮರಾಜನಗರದ ಒಂದು ರೇಡಿಯೋ, ಟೀವಿ ರಿಪೇರಿ ಅಂಗಡಿ ಕಂಪ್ಯೂಟರ್ ಮಾರಲು ಶುರುಮಾಡಿತ್ತು. ಅಲ್ಲಿ ಸರ್ವಿಸ್ ಕೆಲಸಕ್ಕೆ ಸೇರಿದೆ, ಕೊನೆಯವರೆಗೂ ಅಲ್ಲೇ ಇದ್ದೆ. ಎಲ್ಲರೂ ನನ್ನನ್ನು ಮಿಲ್ಟ್ರಿ ಎಂದೇ ಕರೆಯುತ್ತಿದ್ದರು, ಹೆಸರು ಕೇಳಿದವರು ಕಡಿಮೆ. ನನಗೆ ಯಾವಾಗ ಎಷ್ಟು ಸಂಬಳ ಏರಿತು ಎಂಬುದು ನಿಮಗೆ ಬೇಡದ ಸಂಗತಿ, ಬಿಡಿ.

ಅಂಗಡಿಯ ಯಜಮಾನರು ವಾಲ್ವ್ ರೇಡಿಯೋ ಕಾಲದವರು. ಮೊದಲ ದಿನ ನಾನು ಒಂದು ಮಾನಿಟರ್ ಆನ್ ಮಾಡಿ ತಕ್ಷಣ ಬಟನ್ ಒತ್ತಲು ಹೋದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಏನ್ಲಾ ಮಿಲ್ಟ್ರಿ, ಎದ್ದೇಟ್ಗೆ ಯಾರಾದ್ರೂ ಲೆಕ್ಕ ಕೇಳುದ್ರೆ ನೀನು ಸರ್ಯಾಗಿ ಯೋಳ್ತೀಯಾ? ಬುಡು. ಬಿಸಿ ಆಗ್ಲಿ."

ಮಾನಿಟರಿನೊಳಗೆ ಚಿತ್ರ ಮೂಡಿಸುವ ಗಾಜಿನ ಕೊಳವೆ ಪೂರ್ತಿ ಬಿಸಿಯಾಗುವ ತನಕ ಅದರ ಬಣ್ಣವೂ ಬೆಳಕೂ ಒಂದು ಕಡೆ ನಿಲ್ಲುವುದಿಲ್ಲ. ತಣ್ಣಗಿರುವಾಗ ಸರಿ ಮಾಡಿಟ್ಟದ್ದು ಬಿಸಿಯಾದ ಮೇಲೆ ತಪ್ಪಾಗಿರುತ್ತದೆ. ಹಾಗಾಗಿ ಅರ್ಧ ಗಂಟೆ ಕಾಯಬೇಕು. ಸೇನೆಯಲ್ಲಿ ನನಗೆ ಓಡುವುದು ಕಲಿಸಿದ್ದರು, ಕಾಯುವುದನ್ನು ಕಲಿಸಿದವರು ಯಜಮಾನರು. ಆ ಅರ್ಧ ಗಂಟೆಯೇ ನನ್ನ ವೃತ್ತಿಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೊದಲು ಒಂದು ತೆಳುವಾದ ಸದ್ದು ಬರುತ್ತಿತ್ತು, ಕಿವಿಗಿಂತ ಹಲ್ಲಿಗೆ ತಿಳಿಯುವಂಥದ್ದು. ಆಮೇಲೆ ಗಾಜಿನ ಆಳದಿಂದ ಬೂದು ಬೆಳಕು ಮೇಲೇಳುತ್ತಿತ್ತು, ಬೆಳಗಿನ ಕೆರೆಯ ಮೇಲೆ ಮಂಜು ಎದ್ದ ಹಾಗೆ. ಕೈಯನ್ನು ಹತ್ತಿರ ತಂದರೆ ತೋಳಿನ ಕೂದಲು ತಾನಾಗಿ ನಿಲ್ಲುತ್ತಿತ್ತು. ಬೆನ್ನಿನ ಸೀಳುಗಳಿಂದ ಬಿಸಿ ಧೂಳಿನ ವಾಸನೆ. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತು ಆ ಮನೆಯನ್ನೋ ಅಂಗಡಿಯನ್ನೋ ನೋಡುತ್ತಿದ್ದೆ.

ಸುಮ್ಮನೆ ನೋಡುತ್ತಿರಲಿಲ್ಲ, ಅದೂ ಕೆಲಸವೇ. ಕಿಟಕಿ ಎಲ್ಲಿದೆ? ಮಾನಿಟರಿನ ಎದುರಿಗಿದ್ದರೆ ಗಾಜಿನಲ್ಲಿ ಬರೀ ಬೀದಿ ಕಾಣುತ್ತದೆ, ಹಿಂದಿದ್ದರೆ ಕಣ್ಣು ಕುಕ್ಕುತ್ತದೆ, ಪಕ್ಕಕ್ಕಿರಬೇಕು. ಪರದೆಯ ಮೇಲಂಚು ಕೂತವರ ಕಣ್ಣಿನ ಮಟ್ಟಕ್ಕಿದೆಯೇ? ಕೈ ಚಾಚಿದಷ್ಟು ದೂರದಲ್ಲಿದೆಯೇ? ಮನೆಯವರು ಅಕ್ಕರೆಯಿಂದ ಕಸೂತಿ ಬಟ್ಟೆ ಹೊದಿಸಿ ಗಾಳಿಯ ಸೀಳುಗಳನ್ನು ಮುಚ್ಚಿದ್ದಾರೆಯೇ? ಹೊದಿಸಿಯೇ ಇರುತ್ತಿದ್ದರು. ಅದನ್ನು ತೆಗೆದು ಮಡಿಸಿ ಮನೆಯಾಕೆಯ ಕೈಗೆ ಕೊಡುವುದು ಈ ಕೆಲಸದಲ್ಲಿ ಅತಿ ನಾಜೂಕಿನ ಭಾಗ.

ಬಿಸಿಯಾದ ಮೇಲೆ ಕ್ರಮ ತಪ್ಪಬಾರದು. ಮೊದಲು ಬ್ರೈಟ್‌ನೆಸ್: ಕಪ್ಪು ಬೂದಿಯಾಗದೆ ಕಪ್ಪಾಗಿಯೇ ಉಳಿಯುವಲ್ಲಿಗೆ ನಿಲ್ಲಿಸಬೇಕು. ಆಮೇಲೆ ಕಾಂಟ್ರಾಸ್ಟ್: ಬಿಳಿ ಎಷ್ಟು ಬೆಳ್ಳಗಿರಬೇಕು ಎಂದು ಹೇಳುವುದು ಅದು. ಜನ ಎರಡನ್ನೂ ತುದಿಯವರೆಗೆ ಏರಿಸಿಟ್ಟು ತಲೆನೋವು ಎನ್ನುತ್ತಿದ್ದರು. ನಂತರ ಚಿತ್ರದ ಆಕಾರ. ಪಕ್ಕಗಳು ಹೊಟ್ಟೆ ಬಂದ ಹಾಗೆ ಉಬ್ಬಿದ್ದರೆ ನೇರ ಮಾಡಲು ಬಟನ್ ಇತ್ತು. ಅಂಚು ನೇರವಾಯಿತೋ ಇಲ್ಲವೋ ನೋಡಲು ನಾನು ಇಸ್ತ್ರಿ ಮಾಡಿ ಮಡಿಸಿದ ನನ್ನ ಕರ್ಚೀಫಿನ ಅಂಚನ್ನು ಗಾಜಿಗೆ ಹಿಡಿಯುತ್ತಿದ್ದೆ. ದಿನವೂ ಒಗೆದ ಬಿಳಿ ಕರ್ಚೀಫು ಸೇನೆಯಿಂದ ಬಂದ ಅಭ್ಯಾಸ. ಈ ಕರ್ಚೀಫನ್ನು ನೆನಪಿಡಿ.

ಹರವೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಣ್ಣ ಒಮ್ಮೆ ಕರೆಸಿದ್ದ. ಪರದೆಯ ಮೇಲ್ಮೂಲೆಯಲ್ಲಿ ನೇರಳೆ ಬಣ್ಣದ ಕಲೆ, ಅದರ ಸುತ್ತ ಹಸಿರು ಅಂಚು. ನಾನು ಹೋದಾಗ ಶಿವಣ್ಣನ ತಾಯಿ ಆ ಕಲೆಗೆ ಕೈ ಮುಗಿಯುತ್ತಿದ್ದರು.

"ದಿನಾ ವಸಿ ವಸಿ ದೊಡ್ದಾಯ್ತಾದೆ ಕಣಪ್ಪ," ಎಂದರು. "ಮಾದಪ್ಪನ ಬೆಳಕು. ಅಳಿಸ್ಬುಡಬ್ಯಾಡ."

ಮಾನಿಟರಿನ ಪಕ್ಕದಲ್ಲಿ ಹುಲಿಯ ಮೇಲೆ ಕೂತ ಪುಟ್ಟ ಮಾದಪ್ಪ ಅಂಟಿಕೊಂಡಿದ್ದ. ಕಾರುಗಳಲ್ಲಿ ಇಡುತ್ತಾರಲ್ಲ, ತಳದಲ್ಲಿ ಅಯಸ್ಕಾಂತ ಇರುವ ಮೂರ್ತಿ. ಗಾಜಿನ ಮಾನಿಟರಿಗೆ ಅಯಸ್ಕಾಂತ ಆಗುವುದಿಲ್ಲ, ಬಣ್ಣಗಳು ದಾರಿ ತಪ್ಪುತ್ತವೆ. ಇದನ್ನು ಆ ತಾಯಿಗೆ ಹೇಗೆ ಹೇಳುವುದು? ಶಿವಣ್ಣ ಹೇಳಿ ಸೋತಿದ್ದನಂತೆ.

"ಅವ್ವ, ಮಾದಪ್ಪನ್ನ ಆ ಕಬ್ಬಿಣದ ಬೀರು ಮೇಲೆ ಕೂರ್ಸನ," ಎಂದೆ. "ಅಲ್ಲಿಂದ ಅಂಗಡಿ ಪೂರ್ತಿ ಕಾಣ್ತದೆ."

ಅವರು ಬೀರುವಿನ ಕಡೆಗೂ ಅಂಗಡಿಯ ಕಡೆಗೂ ನೋಡಿದರು. "ಗಲ್ಲಾಪೆಟ್ಗೆ ಕಾಣ್ತದಾ?"

"ಚೆನ್ನಾಗಿ ಕಾಣ್ತದೆ."

"ಅಂಗಾರೆ ಕೂರ್ಸು. ಈ ಶಿವ ಏನ್ ಮಾಡ್ತವ್ನೆ ಅಂತ ಅವನೂ ನೋಡ್ಲಿ."

ಮೂರ್ತಿ ಬೀರುವಿನ ಮೇಲೆ ಹೋದ ಮೇಲೆ ಡೀಗಾಸ್ ಬಟನ್ ಒತ್ತಿದೆ. ಅದು ಒಳಗೆ ಉಳಿದ ಅಯಸ್ಕಾಂತದ ಎಳೆತವನ್ನು ತೊಳೆಯುವ ಬಟನ್. ಧಣ್ ಎಂದು ಸದ್ದಾಯಿತು. ಪರದೆಯೆಲ್ಲ ಕಲ್ಲು ಬಿದ್ದ ನೀರಿನಂತೆ ನಡುಗಿ, ನೇರಳೆ ಕಲೆ ಸುತ್ತಿ ಸುತ್ತಿ ಕರಗಿತು.

"ಎದ್ದೋದ ನೋಡು," ಎಂದರು ಆ ತಾಯಿ, ಮೆಲ್ಲಗೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೂ ಆ ನೇರಳೆಯೇ ಕಣ್ಣಲ್ಲಿತ್ತು. ಸರಿ ಮಾಡಿದ್ದೆ, ಆದರೂ ಏನೋ ಕಳೆದಂತೆ.

ಭೂಮಿಯೂ ಒಂದು ಅಯಸ್ಕಾಂತವೇ. ವಾಸ್ತು ನೋಡಿ ಮೇಜನ್ನು ಪೂರ್ವಕ್ಕೆ ತಿರುಗಿಸಿದವರು, ಬಣ್ಣ ಒಂದು ಎಳೆ ಬದಲಾಗಿದೆ ಎಂದು ಕರೆಯುತ್ತಿದ್ದರು. ಬದಲಾಗಿರುತ್ತಿತ್ತು. ದಿಕ್ಕು ತಿರುಗಿಸಿದರೆ ಡೀಗಾಸ್ ಒತ್ತಿ ಎಂದು ಹೇಳಿ ಬರುತ್ತಿದ್ದೆ. ಮೇಜಿನ ಮೇಲಿನ ಒಂದು ಪೆಟ್ಟಿಗೆ ತಾನು ಯಾವ ದಿಕ್ಕಿಗೆ ಮುಖ ಮಾಡಿದ್ದೇನೆಂದು ಬಲ್ಲದು ಎಂಬುದು ನನಗೆ ಇಂದಿಗೂ ಬೆರಗು.

ಇಷ್ಟು ಹೇಳಿ ಈಗ ದಸ್ತಗೀರ್ ಸಾಬರ ವಿಷಯಕ್ಕೆ ಬರುತ್ತೇನೆ. ನಿಮಗಾಗಿ ಬರೆಯಲು ಕೂತದ್ದೇ ಅವರ ನೆನಪಿನಿಂದ.

ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಮಹದೇವಪ್ಪ ಎಂಬುವವರ ಫೋಟೋ ಸ್ಟುಡಿಯೋ ಇತ್ತು. ದಸ್ತಗೀರ್ ಸಾಬರು ಅಲ್ಲಿ ರಿಟಚಿಂಗ್ ಮಾಡುತ್ತಿದ್ದರು. ಐವತ್ತು ದಾಟಿದ, ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಕಪ್ಪುಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಬ್ಲೇಡಿನ ತುದಿ ಆಡಿಸಿ ಮುಖದ ಕಲೆ ಕೆರೆಯುತ್ತಿದ್ದರು. ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಿನಲ್ಲಿ ಸೀರೆಗೆ, ತುಟಿಗೆ, ಹೂವಿಗೆ ಬಣ್ಣ ತುಂಬುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದೇ ಕೆಲಸವನ್ನು ಮೌಸಿನಲ್ಲಿ ಕಲಿತರು. ಅದಕ್ಕಾಗಿ ಮಹದೇವಪ್ಪ ದೊಡ್ಡ ಗಾಜಿನ ಮಾನಿಟರನ್ನು ನಮ್ಮಿಂದಲೇ ಕೊಂಡಿದ್ದರು. ಆಗ ಹಳೆಯ ಫೋಟೋಗಳಿಗೆ ಬಣ್ಣ ಹಾಕಿಸಿ ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಹುಮ್ಮಸ್ಸು ಊರೂರಿಗೂ ಇತ್ತು.

ಆ ಮಾನಿಟರಿಗೆ ನಾನು ಮತ್ತೆ ಮತ್ತೆ ಹೋಗಬೇಕಾಯಿತು. "ಹಳದಿ ಹೊಡೀತಾದೆ ಭಾಯ್," ಎನ್ನುತ್ತಿದ್ದರು ಸಾಬರು. ಮಾನಿಟರಿನಲ್ಲಿ ಬಿಳುಪೂ ಒಂದೇ ಅಲ್ಲ. ಒಂದು ಕಾಗದದಂಥ ಬಿಳುಪು, ಇನ್ನೊಂದು ನೀಲಿ ಕಡೆ ವಾಲಿದ ತಣ್ಣನೆಯ ಬಿಳುಪು. ಅದೂ ಸಾಲದಿದ್ದರೆ ಕೆಂಪು, ಹಸಿರು, ನೀಲಿ ಎಂದು ಮೂರು ಪಟ್ಟಿಗಳು, ಬೇಕಾದ್ದನ್ನು ಏರಿಸಬಹುದು, ಇಳಿಸಬಹುದು. ಪ್ರಿಂಟಿಗೆ ಹೊಂದುವುದು ಕಾಗದದ ಬಿಳುಪು. ನಾನು ಅದನ್ನಿಟ್ಟು ಬಂದರೆ ಸಾಬರು ಸಂಜೆಯೊಳಗೆ ತಣ್ಣನೆಯದಕ್ಕೆ ಹಾಕಿ, ನೀಲಿ ಪಟ್ಟಿಯನ್ನು ಇನ್ನಷ್ಟು ಏರಿಸಿರುತ್ತಿದ್ದರು. ಮುಂದಿನ ಸಲ ಹೋದಾಗ ಪರದೆ ಮುಂಜಾವಿನ ಆಕಾಶ. ಅವರು ಇಷ್ಟು ನೀಲಿ ಏರಿಸಬೇಕಾಗುವಷ್ಟು ಹೊಸ ಮಾನಿಟರ್ ಹಳದಿಗೇಕೆ ಜಾರುತ್ತದೆ ಎಂದು ನಾನು ತಲೆ ಕೆರೆದುಕೊಂಡೆ.

ಒಂದು ದಿನ ಹೀಗೆ ಆನ್ ಮಾಡಿ ಕಾಯುತ್ತ ಕೂತಿದ್ದಾಗ ಬೇಗೂರಿನಿಂದ ಪುಟ್ಟತಾಯಮ್ಮ ಎಂಬುವರು ಬಂದರು. ಅವರ ತಾಯಿಯ ಮದುವೆಯ ಹಳೆಯ ಫೋಟೋಗೆ ಸಾಬರು ಬಣ್ಣ ಹಾಕಿ ಕೊಟ್ಟಿದ್ದರು. ಆಕೆ ಪ್ರಿಂಟನ್ನು ಗಾಜಿನ ಕೌಂಟರ್ ಮೇಲೆ ಇಟ್ಟರು.

"ಮೊಕ ನಮ್ಮವ್ವುಂದೇ, ಸೀರೆ ಯಾರ್ದೋ ಬ್ಯಾರೆಯೋಳ್ದು," ಎಂದರು. "ನಮ್ಮವ್ವ ಮದ್ವೆ ಆದದ್ದು ಅಸ್ರು ಸೀರೆಲಿ. ಇದು ನೀಲಿ."

ಸಾಬರು ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. "ಹಸ್ರೇ ಹಾಕಿದ್ದೀನಲ್ಲಮ್ಮ. ಗಿಳಿ ಹಸ್ರು."

"ಗಿಳಿ ನೋಡಿ ಏಟು ವರ್ಷಾಯ್ತು ಸಾಬ್ರೆ?" ಎಂದರು ಆಕೆ. "ಆ ಸೀರೆಲೇ ನನ್ ತಮ್ಮುಂಗೆ ತೊಟ್ಲು ಕಟ್ಟಿದ್ರು. ತೂಗ್ತಾ ಇದ್ದೋಳು ನಾನು. ಅವ್ವ ತೀರ್ಕಂಡ್ಮೇಲೂ ಆ ತೊಟ್ಲು ಇತ್ತು. ಬಣ್ಣ ನಂಗೊತ್ತಿಲ್ವಾ?"

ನಾನು ಆ ಪ್ರಿಂಟ್ ನೋಡಿದೆ. ಪರದೆಯ ನೀಲಿ ಸಾಲದೆ ಫೋಟೋಗೂ ನೀಲಿ ಬೆರೆಸಿದಂತೆ, ಸೀರೆ ನವಿಲಿನ ಕತ್ತಿನ ಬಣ್ಣದ್ದಾಗಿತ್ತು. ಹೆಣ್ಣಿನ ಮುಖವೂ ತಣ್ಣಗೆ, ನೀರಿನೊಳಗಿಂದ ಮೇಲೆ ನೋಡುತ್ತಿರುವಂತಿತ್ತು. ಮತ್ತೆ ಮಾಡಿ ಕೊಡುತ್ತೇವೆ ಎಂದು ಹೇಳಿ ಆಕೆಯನ್ನು ಕಳುಹಿಸಿದ ಮೇಲೆ ಮಹದೇವಪ್ಪ ಸಾಬರ ಎದುರಿಗೇ ನನ್ನನ್ನು ಕೇಳಿದರು.

"ಮಿಲ್ಟ್ರಿಯೋರೆ, ಎಲ್ಡರಲ್ಲಿ ಒಂದ್ ಯೋಳ್ಬುಡಿ. ಕೆಟ್ಟಿರೋದು ಮಾನಿಟರ್ರೋ, ನಮ್ ಸಾಬ್ರೋ? ವಾಪಸ್ ಬತ್ತಿರೋ ಫೋಟೋ ಇದೇ ಮೊದ್ಲಲ್ಲ. ಮಾನಿಟರ್ ಆದ್ರೆ ಸರಿ ಮಾಡಿ. ಸಾಬ್ರು ಆದ್ರೆ, ಮೈಸೂರಲ್ಲಿ ಕಲ್ತಿರೋನೊಬ್ಬ ನಾಳೆನೇ ಬತ್ತೀನಿ ಅಂತಾವ್ನೆ. ಈ ಬೇಗೂರು ಫೋಟೋ ಇನ್ನೊಂದ್ಸಲ ವಾಪಸ್ ಬಂದ್ರೆ ನಾ ಅವ್ನ್ಗೆ ಬಾ ಅಂದ್ಬುಡ್ತೀನಿ."

ಸಾಬರು ಮೌಸನ್ನು ಅದರ ಪುಟ್ಟ ಹಾಸಿನ ಮೇಲೆ ಸರಿಯಾಗಿ ನೇರ ಇಟ್ಟರು. ನಾನು ಪರದೆಯ ಧೂಳು ಒರೆಸಲು ಕರ್ಚೀಫು ತೆಗೆದೆ. ಹಿಂದಿನ ದಿನ ನನ್ನ ಹೆಂಡತಿ ಸುಂದ್ರಮ್ಮ ಬಟ್ಟೆಗೆ ನೀಲಿ ಹಾಕುವಾಗ ಕೈ ಜಾರಿ ಜಾಸ್ತಿ ಬಿದ್ದಿತ್ತು. ಕರ್ಚೀಫು ಬಿಡಿಸಿದ್ದೇ ಮಹದೇವಪ್ಪ ನಕ್ಕರು.

"ಏನ್ ಮಿಲ್ಟ್ರಿಯೋರೆ, ಮನೇಲಿ ನೀಲಿ ಬಾಟ್ಲಿನೇ ಬೋರ್ಲಾಕ್ಬುಟ್ರಾ? ಆಕಾಸ ಮಡ್ಸಿ ಜೇಬಲ್ಲಿಟ್ಕಂಡಂಗದೆ."

"ಎಲ್ಲಿ ನೀಲಿ?" ಎಂದರು ಸಾಬರು. "ಹಾಲಿನಂಗೆ ಬೆಳ್ಳಗೆ ಅದಲ್ಲ."

"ಆಡ್ಕಳಿ, ಆಡ್ಕಳಿ," ಎಂದು ಮಹದೇವಪ್ಪ ನಗುತ್ತಲೇ ಎದ್ದರು. ಪಾಸ್‌ಪೋರ್ಟ್ ಫೋಟೋಗೆ ಯಾರೋ ಬಂದಿದ್ದರು, ಮುಂದಿನ ಕೋಣೆಗೆ ಹೋದರು. ಸಾಬರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು. ನಾನು ಸಾಬರ ಮುಖ ನೋಡಿದೆ. ತಮಾಷೆಯ ಗುರುತು ಅಲ್ಲಿ ಇರಲಿಲ್ಲ.

ಅಷ್ಟು ಹೊತ್ತಿಗೆ ಮಾನಿಟರ್ ಬಿಸಿಯಾಗಿತ್ತು. ಪರದೆಯನ್ನೆಲ್ಲ ಬಿಳಿ ಮಾಡಿ, ಬಣ್ಣದ ಮೂರು ಪಟ್ಟಿ ತೆರೆದು ನೀಲಿಯನ್ನು ಪೂರ್ತಿ ಇಳಿಸಿದೆ. ಕೋಣೆಯೆಲ್ಲ ಎಣ್ಣೆ ದೀಪ ಹಚ್ಚಿದಂತೆ ಹಳದಿಯಾಯಿತು. "ಸಾಬ್ರೆ, ನಿಧಾನವಾಗಿ ಏರಿಸ್ತೀನಿ. ಬಿಳಿ ಆಯ್ತು ಅನ್ನಿಸಿದಾಗ ಹೇಳಿ," ಎಂದೆ.

ಪಟ್ಟಿ ಏರತೊಡಗಿತು. ನನ್ನ ಕಣ್ಣಿಗೆ ಹಳದಿ ತೆಳುವಾಯಿತು, ಹೋಯಿತು, ಕಾಗದದ ಬಿಳುಪು ಬಂತು. ಸಾಬರು ಸುಮ್ಮನಿದ್ದರು. ನಾನು ಏರಿಸುತ್ತ ಹೋದೆ. ಬಿಳುಪಿನೊಳಗೆ ನೀಲಿ ನುಸುಳಿತು, ನನ್ನ ಕೈ ನೀಲಿಯಾಯಿತು, ಅವರ ಬಿಳಿ ಅಂಗಿಯೂ ನೀಲಿಯಾಯಿತು. ಪಟ್ಟಿಯ ತುದಿ ಹತ್ತಿರವಿದ್ದಾಗ ಅವರು "ಹೂಂ, ಈಗ," ಎಂದರು. ಹೇಳಿದ ಮೇಲೆ ಅವರ ನೋಟ ಪರದೆಯ ಕೆಳಗಿನ ಪಟ್ಟಿಯ ಮೇಲೆ ಬಿತ್ತು. ಅದು ಎಲ್ಲಿಗೆ ತಲುಪಿದೆ ಎಂದು ಕಂಡಿತು. ಬಟನ್ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ನಂಗೆ ಅನುಮಾನ ಇತ್ತು ಭಾಯ್," ಎಂದರು. "ಮಲ್ಲಿಗೆ ಹೂವೆಲ್ಲ ಸೇವಂತಿಗೆ ತರ ಕಾಣ್ತವೆ. ಚಂದ್ರ ಬೆಣ್ಣೆ ತರ. ಮನೇಲಿ ಹೇಳ್ನಿಲ್ಲ. ಇಲ್ಲಿ ಹೇಳಿದ್ರೆ ಈ ಕುರ್ಚಿ ಹೋಯ್ತದೆ. ಬಣ್ಣ ಬಿಟ್ರೆ ನಂಗೇನ್ ಬತ್ತದೆ?"

ಕಣ್ಣಿಗೆ ಪೊರೆ ಬಂದರೆ ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ತಾಯಿಗೂ ಆಗಿತ್ತು. ಆಪರೇಷನ್ ಮಾಡಿಸಬಹುದಲ್ಲ ಎಂದೆ.

"ನೆಗೆಟಿವ್ ಮೇಲೆ ಬ್ಲೇಡ್ ಆಡಿಸ್ದವ್ನು ನಾನು," ಎಂದರು. "ಒಂದು ಕೂದ್ಲಷ್ಟು ಕೈ ತಪ್ಪಿದ್ರೆ ಮುಖವೇ ಹೋಯ್ತದೆ. ಬ್ಲೇಡ್ ಕಾಣ್ದೆ ಇರೋರು ಧೈರ್ಯವಾಗಿ ಮಲಗ್ತಾರೆ. ನಂಗೆ ಆಗಲ್ಲ."

ಒಳಗೆ ಪರದೆ ನೀಲಿಯಾಗಿ ಉರಿಯುತ್ತಿತ್ತು. ಹೊರಗೆ ಮಹದೇವಪ್ಪ ಯಾರಿಗೋ ಗದ್ದ ಎತ್ತಿ ಎನ್ನುತ್ತಿದ್ದರು. ನಾನು ಹೆಚ್ಚು ಯೋಚಿಸಲಿಲ್ಲ.

"ಬರೋ ವಾರ ಚಾಮರಾಜನಗರದಲ್ಲಿ ಕಣ್ಣಿನ ಶಿಬಿರ ಅದೆ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬನ್ನಿ. ಬಸ್‌ಸ್ಟ್ಯಾಂಡಲ್ಲಿ ನಾನು ನಿಂತಿರ್ತೀನಿ."

"ಇದು ಆರ್ಡರಾ?"

"ಆರ್ಡರು."

ಅವರು ಸಣ್ಣಗೆ ನಕ್ಕರು. ಒಪ್ಪಿದೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಆ ಮಾನಿಟರಿನಲ್ಲಿ ಬೇರೆ ಬೇರೆ ಜನರ ಅಳತೆಗಳನ್ನು ಬೇರೆ ಬೇರೆಯಾಗಿ ಉಳಿಸಿಡುವ ಜಾಗಗಳಿದ್ದವು. ಮೊದಲನೆಯದರಲ್ಲಿ ಕಾಗದದ ಬಿಳುಪು ಇಟ್ಟೆ. ಎರಡನೆಯದರಲ್ಲಿ ಸಾಬರು 'ಈಗ' ಎಂದ ಬಿಳುಪನ್ನು ಉಳಿಸಿದೆ. ಸೆಟ್ಟಿನ ಹಳೆಯ ಟ್ಯೂನಿಂಗನ್ನು ಗುರುತು ಮಾಡಿಕೊಳ್ಳದೆ ಬದಲಿಸಬಾರದು ಎಂಬುದು ನಮಗೆ ಸೇನೆಯಲ್ಲಿ ಕಲಿಸಿದ ಪಾಠ. ಆಮೇಲೆ ವೈರು ಕಿತ್ತು, ಮಾನಿಟರನ್ನು ಎದೆಗೆ ಒತ್ತಿಕೊಂಡು ಮುಂದಿನ ಕೋಣೆಗೆ ಬಂದೆ.

"ಇದನ್ನ ಅಂಗಡಿಗೆ ತಗೊಂಡೋಗ್ತೀನಿ," ಎಂದೆ ಮಹದೇವಪ್ಪನವರಿಗೆ. "ಒಂದು ಪಾರ್ಟ್ ಬದಲಾಯಿಸ್ಬೇಕು."

"ಅಂಗಾರೆ ಮಾನಿಟರ್‌ದೇ ತಪ್ಪಾ?"

"ಪಾರ್ಟ್‌ದು. ಮೈಸೂರಿಂದ ಬರ್ಬೇಕು. ಅಲ್ಲೀಗಂಟ ಸಣ್ಣ ಮಾನಿಟರಲ್ಲಿ ಪಾಸ್‌ಪೋರ್ಟ್ ಫೋಟೋ ಮಾಡ್ಕಳಿ. ಬೇಗೂರ ಫೋಟೋನ ಯಾರೂ ಮುಟ್ಬ್ಯಾಡಿ."

ಚಾಮರಾಜನಗರದಲ್ಲಿ ಅದನ್ನು ಶೆಲ್ಫಿನ ಮೇಲಿಟ್ಟೆ. ಎರಡು ದಿನ ನೋಡಿ ಯಜಮಾನರು ಕೇಳಿದರು.

"ಇದ್ಕೇನಾಗದೆ ಮಿಲ್ಟ್ರಿ?"

"ಏನೂ ಆಗಿಲ್ಲ."

"ಮತ್ಯಾಕ್ ಇಲ್ ಕುಂತದೆ?"

"ಪಾರ್ಟ್ ಬರ್ಬೇಕು."

"ಯಾವ್ ಪಾರ್ಟು?"

"ಲೆನ್ಸು."

"ಲೆನ್ಸ್ ಇರೋ ಮಾನಿಟರ್ ನಾನು ಕಾಣ್ನಿಲ್ಲ ಕಣ್ಲಾ." ಆಗ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ತಮ್ಮ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿದರು. ಆಮೇಲೆ ಒಳಗಿಂದ ಒಂದು ಟವೆಲ್ ತಂದು ಮಾನಿಟರಿಗೆ ಹೊದಿಸಿದರು. "ದೂಳು ಕೂರ್ದಂಗೆ ಮಡ್ಗು," ಎಂದರು.

ಶಿಬಿರದ ದಿನ ಮೊದಲ ಬಸ್ಸು ಬಂತು. ಜನ ಇಳಿದರು, ಕೊನೆಯವರೂ ಇಳಿದು ಹೋದರು. ಸಾಬರಿಲ್ಲ. ನಾನು ನಿಂತ ಜಾಗ ಬಿಡಲಿಲ್ಲ. ಮುಂದಿನ ಬಸ್ಸಿನ ಹಿಂಬಾಗಿಲಿಂದ ಅವರು ಇಳಿದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ.

"ಮೊದಲ್ನೇ ಬಸ್ಸು ತಪ್ಪಿಸ್ಕಂಡೆ," ಎಂದರು. "ನಿಂತಿರಲ್ಲ ಅನ್ಕಂಡಿದ್ದೆ. ನಿಂತಿದ್ದೀರಿ. ಇನ್ನೇನ್ ಮಾಡೋದು, ನಡೀರಿ."

ಬಲಗಣ್ಣಿಗೆ ಆಪರೇಷನ್ ಆಯಿತು. ಪೂರ್ತಿ ಮಾಯುವ ತನಕ ಕೆಲಸ ಬೇಡ ಎಂದರು ಡಾಕ್ಟರು. ದೊಡ್ಡ ಮಾನಿಟರ್ ಬರುವ ತನಕ ರಜೆ ಎಂದು ಸಾಬರು ಸ್ಟುಡಿಯೋಗೆ ಹೇಳಿ ಕಳುಹಿಸಿದರು. ಆ ವಾರಗಳಲ್ಲಿ ಊಟದ ಹೊತ್ತಿನಲ್ಲಿ ನಾನು ಟವೆಲ್ ತೆಗೆದು ಆ ಮಾನಿಟರ್ ಹಚ್ಚುತ್ತಿದ್ದೆ. ಬಿಸಿಯಾದ ಮೇಲೆ ನೀಲಿ ಪಟ್ಟಿಯನ್ನು ಇಳಿಸಿ, ಯಾವುದಾದರೂ ಮದುವೆಯ ಚಿತ್ರ ಹಾಕಿ ನೋಡುತ್ತಿದ್ದೆ. ಪರದೆಯ ಊರಲ್ಲೆಲ್ಲ ಸಂಜೆಯಾಗುತ್ತಿತ್ತು. ಹಾಲು ಜೇನಾಗುತ್ತಿತ್ತು, ಗೋಡೆಯ ಸುಣ್ಣ ಗಂಧವಾಗುತ್ತಿತ್ತು. ಚೆಂದವೇ. ಸಾಬರು ಎಷ್ಟೋ ಕಾಲದಿಂದ ಈ ಮುಗಿಯದ ಸಂಜೆಯಲ್ಲಿ ಕೂತು, ಅಲ್ಲಿಂದಲೇ ನಮಗೆ ಬೆಳಗಿನ ಬಣ್ಣ ಕಳುಹಿಸಲು ಹೆಣಗಿದ್ದರು.

ಮಾನಿಟರನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ಗುಂಡ್ಲುಪೇಟೆಗೆ ಹೋದೆ. ಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕಾಯುತ್ತಿದ್ದರು. ಆನ್ ಮಾಡಿದೆ. ಇಬ್ಬರೂ ಅರ್ಧ ಗಂಟೆ ಕೂತೆವು. ಬೂದು ಬೆಳಕು ಎದ್ದಿತು, ಬಣ್ಣಗಳು ತಮ್ಮ ಜಾಗಕ್ಕೆ ಬಂದು ನಿಂತವು. ಅವರು ಕನ್ನಡಕ ತೆಗೆದು ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡ, ಮತ್ತೆ ಬಲ.

"ಈ ಕಣ್ಗೆ ಬೆಳಿಗ್ಗೆ, ಈ ಕಣ್ಗೆ ಸಂಜೆ," ಎಂದರು. ಆಮೇಲೆ ಕೇಳಿದರು, "ನನ್ನ ಬಿಳುಪು ಇನ್ನೂ ಅದರಲ್ಲಿ ಅದಾ ಭಾಯ್?"

ಎರಡನೆಯ ಜಾಗದಲ್ಲಿ ಉಳಿಸಿದ್ದನ್ನು ತೆರೆದೆ. ಕೋಣೆ ನೀಲಿಯಾಯಿತು. ಸಾಬರು ಹೊಸ ಕಣ್ಣಿನಿಂದ ಅದನ್ನು ನೋಡುತ್ತ ಕೂತರು.

"ಗುಂಡ್ಲುಪೇಟೆ ಹೆಣ್ಮಕ್ಕಳನ್ನೆಲ್ಲ ನೀರೊಳಗೆ ಕೂರ್ಸಿ ಮದ್ವೆ ಮಾಡ್ಸಿದ್ದೀನಲ್ಲ," ಎಂದರು. ಆಮೇಲೆ ತಾವೇ ಬಟನ್ ಒತ್ತಿ ಕಾಗದದ ಬಿಳುಪಿಗೆ ಬಂದು, ಬೇಗೂರಿನ ಫೋಟೋ ತೆರೆದು ಎಡಗಣ್ಣು ಮುಚ್ಚಿಕೊಂಡರು.

ಪುಟ್ಟತಾಯಮ್ಮ ಬರುವ ದಿನ ನಾನು ಬೇರೆ ಕೆಲಸದ ನೆಪ ಮಾಡಿಕೊಂಡು ಅಲ್ಲಿದ್ದೆ. ಆಕೆ ಪ್ರಿಂಟನ್ನು ಬೀದಿಯ ಬಿಸಿಲಿಗೆ ಒಯ್ದು ನೋಡಿದರು. ಮಹದೇವಪ್ಪ ಕೌಂಟರ್ ಹಿಂದೆ ಎದ್ದು ನಿಂತರು. ಸಾಬರು ಒಳಗಿನಿಂದ ಹೊರಗೆ ಬರಲೇ ಇಲ್ಲ. ಆಕೆ ಸೀರೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಬಿಸ್ಲು ಬಿದ್ದಾಗ ತೊಟ್ಲು ಇಂಗೇ ಇರ್ತಿತ್ತು," ಎಂದರು. ಆಮೇಲೆ ಒಳಗಿನ ಕೋಣೆಯ ಬಾಗಿಲಿಗೆ ಬಂದು, "ಗಿಳಿ ನೋಡ್ಕಂಡು ಬಂದ್ರಾ ಸಾಬ್ರೆ?" ಎಂದು ಕೇಳಿದರು.

"ಹೂಂ ಕಣಮ್ಮ. ನಗರದಲ್ಲಿ ಕಂಡ್ತು."

ಆಕೆ ಹೋದ ಮೇಲೆ ಮಹದೇವಪ್ಪ ಸಾಬರ ಕಪ್ಪು ಕನ್ನಡಕವನ್ನೂ ನನ್ನನ್ನೂ ನೋಡಿದರು. "ಪಾರ್ಟು ಒಳ್ಳೇದೇ ಹಾಕ್ಸಿದ್ದೀರಿ. ಮೊದ್ಲೇ ಯೋಳಿದ್ರೆ ನಾನು ಮೈಸೂರೋನ್ಗೆ ಬಾ ಅಂದಿರ್ತಿದ್ದೆ. ಯೋಳ್ದೆ ಇದ್ದದ್ದೇ ಒಳ್ಳೇದಾಯ್ತು ಬುಡಿ." ಮೈಸೂರಿನವನು ಬರಲಿಲ್ಲ. ಸಾಬರು ಎಡಗಣ್ಣಿಗೂ ಆಪರೇಷನ್ ಮಾಡಿಸಿಕೊಂಡರು, ಆದರೆ ಬೇಗ ಅಲ್ಲ. ಸಂಜೆಯನ್ನು ಒಂದೇ ಸಲಕ್ಕೆ ಬಿಟ್ಟುಕೊಡಲು ಮನಸ್ಸಿಲ್ಲ ಎನ್ನುತ್ತಿದ್ದರು.

ಕೆಲವು ವರ್ಷಗಳಲ್ಲಿ ಚಪ್ಪಟೆ ಪರದೆಗಳು ಬಂದವು. ಡೀಗಾಸ್ ಇಲ್ಲ, ಉಬ್ಬಿದ ಪಕ್ಕಗಳಿಲ್ಲ, ಕಾಯುವುದು ಬಹುತೇಕ ಇಲ್ಲ. ಬೇರೆ ತಾಪತ್ರಯ ಇದ್ದವು: ನಿಂತು ನೋಡಿದರೆ ಒಂದು ಬಣ್ಣ, ಕೂತು ನೋಡಿದರೆ ಒಂದು. ಅದಕ್ಕೇ ಹೇಳುತ್ತೇನೆ, ನೀವು ನಿಂತುಕೊಂಡು ಸೆಟ್ ಮಾಡಬೇಡಿ, ಕೆಲಸ ಮಾಡುವವರ ಕುರ್ಚಿಯಲ್ಲಿ ಕೂತು ಮಾಡಿ. ಆಮೇಲೆ ಅವರನ್ನು ಕೂರಿಸಿ, ನಿಮಗೆ ಬಿಳಿ ಯಾವುದು ಎಂದು ಕೇಳಿ. ಹೊಸದು ತಂದಾಗ ಮಹದೇವಪ್ಪನವರ ಹಳೆಯ ಮಾನಿಟರ್ ನಮ್ಮ ಅಂಗಡಿಗೆ ವಾಪಸಾಯಿತು. ಅದನ್ನು ನಾನು ಹರದನಹಳ್ಳಿಯ ಮನೆಗೆ ತಂದೆ. ಈಗಲೂ ಇದೆ. ಒಮ್ಮೊಮ್ಮೆ ಬೆಳಿಗ್ಗೆ ಹಚ್ಚಿ, ಬಿಸಿಯಾಗುವ ತನಕ ಎದುರು ಕೂರುತ್ತೇನೆ. ಆಮೇಲೆ ಎರಡನೆಯ ಜಾಗದಲ್ಲಿ ಉಳಿದಿರುವ ಆ ಬಿಳುಪನ್ನು ತೆರೆಯುತ್ತೇನೆ. ಕೋಣೆ ನೀಲಿಯಾಗುತ್ತದೆ, ಗುಂಡ್ಲುಪೇಟೆಯ ಆ ಒಳಕೋಣೆ ಬರುತ್ತದೆ.

ಮೊನ್ನೆ ಹಾಗೆ ತೆರೆದಾಗ ಕೋಣೆ ನೀಲಿಯಾಗಲಿಲ್ಲ. ಕೊಳವೆ ಇನ್ನೂ ಬಿಸಿಯಾಗಿಲ್ಲವೇನೋ ಎಂದು ಮತ್ತೂ ಕಾದೆ. ಪರದೆ ಬೆಳ್ಳಗೆ, ಸಮಾಧಾನವಾಗಿ ನಿಂತಿತ್ತು. ಮಾನಿಟರ್ ಹಳೆಯದಾಯಿತು, ನೀಲಿ ಸೋತಿದೆ ಎಂದುಕೊಂಡೆ. ಅಷ್ಟರಲ್ಲಿ ಸುಂದ್ರಮ್ಮ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

"ಇದೇನು, ಮನೆಯೆಲ್ಲ ನೀಲಿ ಮಾಡ್ಕಂಡು ಕೂತಿದ್ದೀರಿ?"

ಜೇಬಿನಿಂದ ಕರ್ಚೀಫು ತೆಗೆದು ನೋಡಿದೆ. "ಇದ್ಕೆ ನೀಲಿ ಹಾಕಿದ್ದೀಯಾ?"

"ಯಾವತ್ತಿನಂಗೆ ಹಾಕಿದ್ದೀನಲ್ಲ. ಕಾಣಲ್ವಾ?"

ಕರ್ಚೀಫು ಮಡಿಸಿ ಜೇಬಿಗಿಟ್ಟು ದಸ್ತಗೀರ್ ಸಾಬರಿಗೆ ಫೋನ್ ಮಾಡಿದೆ. ಈಗ ಅವರು ಮನೆಯಲ್ಲೇ ಇರುತ್ತಾರೆ. ಮಾನಿಟರಿನ ವಿಷಯ ಹೇಳಿದೆ, ಕರ್ಚೀಫಿನ ವಿಷಯ ಹೇಳಿದೆ. ಅವರು ನಗುವುದು ಕೇಳಿಸಿತು, ಆಮೇಲೆ ನಗು ನಿಂತಿತು.

"ನಾಳೆ ಮೊದಲ್ನೇ ಬಸ್ಸಿಗೆ ನಗರಕ್ಕೆ ಬತ್ತೀನಿ," ಎಂದರು. "ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತೀನಿ. ಮನೇಲಿ ಯಾರಾದ್ರೂ ಕೇಳಿದ್ರೆ, ಪಾರ್ಟ್ ಮೈಸೂರಿಂದ ಬರ್ಬೇಕು ಅಂದ್ಬುಡಿ ಭಾಯ್."